ಕವೆಗೋಲು ಹಿಡಿದವಳು

ನನ್ನ ಕೈಗೆ ಕತ್ತರಿ ಕೊಡಬೇಡಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅವರು ಹೇಳುವುದರಲ್ಲಿ ತಪ್ಪೇನಿಲ್ಲ. ಕೊಳ್ಳೇಗಾಲದ ಈ ಮನೆಯ ಹಿಂದೆ, ಕಾಂಪೌಂಡಿಗೂ ನೀರಿನ ತೊಟ್ಟಿಗೂ ನಡುವಿನ ಒಂದು ಪಟ್ಟೆ ಜಾಗದಲ್ಲಿ ಮೂರು ಬುಡ ರಾಸ್ಪ್‌ಬೆರಿ, ಎರಡು ಬುಡ ಬ್ಲ್ಯಾಕ್‌ಬೆರಿ ಇವೆ. ನನ್ನ ಸೊಸೆ ಫೋನಿನಲ್ಲೇ ತರಿಸಿದಳು. ರಟ್ಟಿನ ಡಬ್ಬದಲ್ಲಿ ಮುದುಡಿಕೊಂಡು ಬಂದ ಕಡ್ಡಿಗಳು, ಬದುಕುತ್ತವೆ ಅಂತ ನಾನು ಅಂದುಕೊಂಡಿರಲಿಲ್ಲ. ಬದುಕಿದ್ದಷ್ಟೇ ಅಲ್ಲ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಾಂಪೌಂಡು ಹಾರಿ ಪಕ್ಕದ ಮನೆಯವರ ಬಟ್ಟೆ ಹರಿಯಲು ಶುರುಮಾಡಿದವು. ದೀಪಾವಳಿ ಕಳೆದು ಚಳಿ ಬಿತ್ತೆಂದರೆ ನನ್ನ ಕೈ ತುರಿಸತೊಡಗುತ್ತದೆ. ಹೂವಿಲ್ಲ, ಕಾಯಿಲ್ಲ, ಬರೀ ಮುಳ್ಳು ತೋರಿಸಿಕೊಂಡು ಆಳೆತ್ತರ ನಿಂತ ಆ ಕಡ್ಡಿಗಳನ್ನು ನೋಡಿದರೆ, ನೆಲದಿಂದ ಒಂದು ಗೇಣು ಬಿಟ್ಟು ಎಲ್ಲವನ್ನೂ ಸವರಿಬಿಡೋಣ ಅನ್ನಿಸುತ್ತದೆ. ಅಡುಗೆಮನೆ ಕಿಟಕಿಯಿಂದ ಸೊಸೆಯ ಕಣ್ಣು ನನ್ನ ಮೇಲೇ ಇರುತ್ತದೆ.

“ಅತ್ತೆ, ಆ ಹಸಿರು ಕಡ್ಡಿ ಮುಟ್ಟಬೇಡಿ. ಈ ಮಳೇಲಿ ಬಂದದ್ದು ಮುಂದಿನ ಬೇಸಿಗೇಲಿ ಹಣ್ಣು ಬಿಡೋದು. ವಿಡಿಯೊದಲ್ಲಿ ಹೇಳಿದ್ದಾರೆ.”

“ಗೊತ್ತು ಕಣಮ್ಮ. ನಿನ್ನ ವಿಡಿಯೊ ಹುಟ್ಟೋಕೆ ಮೊದಲೇ ನನಗೆ ಗೊತ್ತು.”

“ಗೊತ್ತಿದ್ದರೆ ಮತ್ತೆ ಕತ್ತರಿ ಯಾಕೆ ಹಿಡ್ಕೊಂಡಿದ್ದೀರಿ?”

ಒಳ್ಳೆಯ ಪ್ರಶ್ನೆ. ಕತ್ತರಿ ಒಳಗಿಟ್ಟೆ. ಅದಕ್ಕೆ ಉತ್ತರ ಹೇಳಬೇಕಾದರೆ ಒಂದು ಕಡೆ ಕೂರಬೇಕು, ನಾನು ಕೂರುವ ಪೈಕಿಯವಳಲ್ಲ. ಮೂವತ್ತು ವರ್ಷ ಕಚೇರಿಯ ಕುರ್ಚಿಯಲ್ಲಿ ಅದು ಹೇಗೆ ಕೂತೆನೋ ದೇವರಿಗೇ ಗೊತ್ತು. ಈಗ ಇದನ್ನು ಬರೆಯುವಷ್ಟರಲ್ಲೇ ನಾಲ್ಕು ಸಲ ಎದ್ದು ಹೋಗಿ ಬಂದಿದ್ದೇನೆ. ಚಿಕ್ಕಂದಿನಲ್ಲೂ ಹೀಗೇ ಇದ್ದೆನಂತೆ. ನನ್ನ ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ನನಗೆ ಇಟ್ಟ ಹೆಸರು ಬಾಲ ಸುಟ್ಟ ಬೆಕ್ಕು. ಆದರೆ ಆಗಿನ ಓಡಾಟ ಬೇರೆ, ಈಗಿನ ಓಡಾಟ ಬೇರೆ. ಆಗಿನದು ಬರೀ ಹುಡುಗಾಟ. ಒಂಬತ್ತನೇ ವಯಸ್ಸಿನಲ್ಲಿ ನಾನು ಒಂದು ಮಾತು ಆಡಬೇಕಾದ ಹೊತ್ತಿನಲ್ಲಿ ಆಡದೆ ಬಾಯಿ ಮುಚ್ಚಿಕೊಂಡೆ, ಅಲ್ಲಿಂದಾಚೆಗೆ ಈ ಚಡಪಡಿಕೆ ಅಂಟಿಕೊಂಡಿತು.

ನಮ್ಮ ಊರು ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗೆ. ಮನೆ ಉದ್ದಕ್ಕೆ ಇತ್ತು, ಒಂದರ ಹಿಂದೆ ಒಂದು: ಮುಂದೆ ಜಗಲಿ, ಆಮೇಲೆ ನಡುಮನೆ, ಆಮೇಲೆ ಅಡುಗೆಮನೆ, ಅದರಾಚೆ ಹಿತ್ತಲು. ನಡುಮನೆ ನಮ್ಮದಲ್ಲ, ರೇಷ್ಮೆ ಹುಳುಗಳದು. ವರ್ಷದಲ್ಲಿ ಬಹುಪಾಲು ದಿನ ಅಲ್ಲಿ ಬಿದಿರಿನ ತಟ್ಟೆಗಳು ಸೂರಿನವರೆಗೆ ಏರಿರುತ್ತಿದ್ದವು, ನಾವು ಜಗಲಿಯಲ್ಲಿ ಮಲಗುತ್ತಿದ್ದೆವು. ಹುಳುಗಳಿಗೆ ಘಾಟು ಆಗದು ಅಂತ ಬೆಳೆ ಇದ್ದಷ್ಟು ದಿನ ಮನೆಯೊಳಗೆ ಒಗ್ಗರಣೆ ಹಾಕುವಂತಿಲ್ಲ. ಮುದ್ದೆಗೆ ಉಪ್ಪೆಸರು, ಮತ್ತೆ ಉಪ್ಪೆಸರು, ನಾಳೆಗೂ ಅದೇ. ತಲೆಗೆ ವಾಸನೆ ಎಣ್ಣೆ ಇಲ್ಲ, ಅಪ್ಪನಿಗೆ ಬೀಡಿ ಇಲ್ಲ, ನನಗೆ ಕಿರುಚುವ ಹಾಗಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ ಹೊರಗಿನವರು ಯಾರೂ ನಡುಮನೆ ದಾಟಬಾರದು. ಬೇರೆ ಊರಿನ ಧೂಳು ಕಾಲಲ್ಲಿ ಬಂದರೆ ಹುಳುಗಳಿಗೆ ರೋಗ ತಗಲುತ್ತದೆ ಅಂತ. ನೆಂಟರು ಎಷ್ಟೇ ಹತ್ತಿರದವರಾಗಲಿ, ಜಗಲಿಯಲ್ಲೇ ಕೂತು ಜಗಲಿಯಲ್ಲೇ ಉಂಡು ಜಗಲಿಯಿಂದಲೇ ಎದ್ದು ಹೋಗಬೇಕು. ಇಷ್ಟನ್ನೂ ಕಾಯುತ್ತಿದ್ದವಳು ಅಜ್ಜಿ. ಹುಳು ಪೊರೆ ಬಿಡಲು ಸೊಪ್ಪು ಬಿಟ್ಟು ತಲೆ ಎತ್ತಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಜ್ವರಕ್ಕೆ ಯಾವಾಗ ಕೂತವು, ಯಾವಾಗ ಎದ್ದವು ಎಂದು ಅಜ್ಜಿ ತಟ್ಟೆಯ ಮೇಲೆ ಕಿವಿಯಿಟ್ಟು ಹೇಳುತ್ತಿದ್ದಳು. ಅವಳು ಹೇಳುವ ತನಕ ಅಪ್ಪ ಒಂದೆಲೆ ಸೊಪ್ಪೂ ಹಾಕುತ್ತಿರಲಿಲ್ಲ.

ನನ್ನ ಅವ್ವ ಬಂದದ್ದು ಬಿಳಿಗಿರಿರಂಗನ ಬೆಟ್ಟದ ಮೇಲಿನಿಂದ. ಅವಳಪ್ಪ, ನನ್ನ ತಾತ, ಅಲ್ಲಿ ಕಾಫಿ ತೋಟದಲ್ಲಿ ಕೂಲಿ ಮೇಸ್ತ್ರಿಯಾಗಿದ್ದ. ಚೊಚ್ಚಲ ಬಾಣಂತನಕ್ಕೆ ಬೆಟ್ಟಕ್ಕೆ ಹೋಗಿದ್ದ ಅವ್ವ ಕೆಳಗಿಳಿದು ಬರುವಾಗ ಒಂದು ಕಂಕುಳಲ್ಲಿ ನನ್ನನ್ನೂ ಇನ್ನೊಂದು ಕೈಯಲ್ಲಿ ಗೋಣಿತಾಟು ಸುತ್ತಿದ ಒಂದು ಗಿಡವನ್ನೂ ತಂದಳು. ಬೆಟ್ಟದ ಬೇಲಿಗಳಲ್ಲಿ ತಾನೇ ಬೆಳೆಯುವ ಮುಳ್ಳುಹಣ್ಣು ಅದು. ಕಡ್ಡಿಗೆ ಬೂದಿ ಬಳಿದ ಹಾಗೆ ಬೆಳ್ಳಗಿನ ಪುಡಿ, ಅದರ ಕೆಳಗೆ ನೇರಳೆ ಬಣ್ಣ. ಹಣ್ಣು ಮೊದಲು ಕೆಂಪು, ಕಳಿತರೆ ಕಪ್ಪು, ಕಿತ್ತರೆ ಒಳಗೆ ಪೊಳ್ಳು, ಬೆರಳ ತುದಿಗೆ ಟೊಪ್ಪಿಗೆ ಹಾಕಬಹುದು. ಹಣ್ಣಿನ ವಿಷಯ ಅವ್ವ ಹೇಳಿದ್ದು, ಆಗ ನಾನು ನೋಡಿರಲಿಲ್ಲ. ಅದಕ್ಕೆ ರಾಸ್ಪ್‌ಬೆರಿ ಅನ್ನುತ್ತಾರೆಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವ ಕಡೆ, ನುಗ್ಗೆಮರದ ನೆರಳಿನಲ್ಲಿ ಅವ್ವ ಅದನ್ನು ನೆಟ್ಟಳು. ಗಿಡ ಚೆನ್ನಾಗಿಯೇ ಚಿಗುರಿತು, ವರ್ಷ ವರ್ಷವೂ ಚಿಗುರಿತು, ಒಂದು ಹಣ್ಣೂ ಬಿಡಲಿಲ್ಲ. ನಾನು ನಡೆದೆ, ಮಾತಾಡಿದೆ, ಶಾಲೆಗೆ ಸೇರಿದೆ, ಮಗ್ಗಿ ಕಲಿತೆ. ನನ್ನ ವಯಸ್ಸಿನದೇ ಆದ ಆ ಗಿಡ ಮಾತ್ರ ಒಂದು ಹೂವನ್ನೂ ತೋರಿಸಲಿಲ್ಲ. ಅವ್ವ ಪಾತ್ರೆ ಬೆಳಗಿ ಎದ್ದಾಗೆಲ್ಲ ಅದರ ತುದಿ ನೋಡಿ, ಏನೂ ಕಾಣದೆ, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬರುತ್ತಿದ್ದಳು. ಆ ಸೆರಗು ಒರೆಸುವುದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು.

ತಾತ ಬಂದಾಗ ಜಗಲಿಯಲ್ಲಿ ಕೂತೇ ವಿಚಾರಿಸುತ್ತಿದ್ದ.

“ಅಣ್ಣು ಬುಡ್ತಾ ಮಗ?”

“ಇಲ್ಲ ಕನಪ್ಪ. ಚಿಗುರ್ತದೆ, ಅಷ್ಟೇಯ.”

“ಕೆಳಗಿನ ಸೆಕೆಗೆ ಒಗ್ನಿಲ್ಲ, ಬುಡು.”

ಅಜ್ಜಿಗೆ ಆ ಗಿಡದ ಸುದ್ದಿ ಎತ್ತಿದರೇ ಮುಖ ಗಂಟಾಗುತ್ತಿತ್ತು. ಸೊಸೆ ತವರಿನಿಂದ ಬೆಳ್ಳಿ ಚೊಂಬು ತರಲಿಲ್ಲ, ಹಸು ತರಲಿಲ್ಲ, ಮುಳ್ಳು ತಂದಳು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅವ್ವ ಕೇಳಿಸಿಕೊಳ್ಳಲಿ ಎಂದೇ ಜೋರಾಗಿ ಅನ್ನುತ್ತಿದ್ದಳು.

“ಮನೆ ಇಂದ್ಗಡೆ ಮುಳ್ಳ ಸಾಕವಳಲ್ಲಪ್ಪ ತಾಯಿ! ನಂ ಸೀರೆ ಎಲ್ಲ ಅರ್ದು ಚಿಂದಿ ಆಯ್ತು.”

ಅವ್ವ ಎದುರು ಮಾತಾಡುತ್ತಿರಲಿಲ್ಲ. ಪಾತ್ರೆಗಳು ಮಾತಾಡುತ್ತಿದ್ದವು. ಅವ್ವ ಚೊಂಬು ಇಡುವ ಸದ್ದಿನಲ್ಲೇ ಅವತ್ತು ಮನೆ ಹೇಗಿದೆ ಅಂತ ನನಗೆ ಗೊತ್ತಾಗುತ್ತಿತ್ತು.

ಈಗ ಅಸಲು ವಿಷಯ. ರೇಷ್ಮೆ ಮನೆಯವರಿಗೆ ಗಿಡ ಅಂದರೆ ಒಂದೇ ಗಿಡ, ಹಿಪ್ಪುನೇರಳೆ. ಅದನ್ನು ವರ್ಷಕ್ಕೆ ಎರಡು ಸಲ, ಮುಂಗಾರಿನ ಮುಂಚೆ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ, ನೆಲದಿಂದ ಒಂದು ಗೇಣು ಬಿಟ್ಟು ಕಡ್ಡಿಯನ್ನೆಲ್ಲ ಕತ್ತರಿಸಿ ಬುಡಕ್ಕೆ ಗೊಬ್ಬರ ಕೊಟ್ಟರೆ ದಬದಬನೆ ಚಿಗುರುತ್ತದೆ. ಕತ್ತರಿಸದೆ ಬಿಟ್ಟ ಗಿಡ ನಮ್ಮ ಊರಿನವರ ಕಣ್ಣಿಗೆ ತಲೆ ಬಾಚದ ಹುಡುಗಿ, ಹೇಳುವವರು ಕೇಳುವವರು ಇಲ್ಲದ್ದು. ಕತ್ತರಿಸುವ ದಿನ ಅಪ್ಪ ಅವ್ವ ಇಬ್ಬರೂ ಹೊಲದಲ್ಲಿ, ಅಜ್ಜಿ ನಾನು ಮನೆಯಲ್ಲಿ. ಹೊತ್ತು ಏರುತ್ತಿದ್ದಂತೆ ಅಜ್ಜಿ ಸೆರಗು ಬಿಗಿದು, ಸೂರಿಗೆ ಸಿಕ್ಕಿಸಿದ್ದ ಕುಡುಗೋಲು ತೆಗೆದುಕೊಂಡು ಸದ್ದಿಲ್ಲದೆ ಹಿತ್ತಲಿಗೆ ಹೋಗುತ್ತಿದ್ದಳು. ಕೋಲು ಹಿಡಿಯುವಷ್ಟು ಬೆಳೆದ ಮೇಲೆ ನನಗೆ ನುಗ್ಗೆಯ ಒಂದು ಕವಲು ಕೊಂಬೆ ಕೊಟ್ಟಿದ್ದಳು, ತುದಿಯಲ್ಲಿ ಎರಡಾಗಿ ಸೀಳಿದ್ದು, ನನ್ನೆತ್ತರಕ್ಕೆ ಸರಿಯಾದದ್ದು. ಆ ಕವೆಗೋಲಿನಿಂದ ನಾನು ಮುಳ್ಳುಕಡ್ಡಿಗಳನ್ನು ಒತ್ತರಿಸಿ ಹಿಡಿಯಬೇಕು, ಅಜ್ಜಿ ಬಗ್ಗಿ ಒಂದು ಗೇಣು ಬಿಟ್ಟು ಕೊಯ್ಯಬೇಕು. ಕೊಯ್ದು, ಕೊಯ್ದ ಬಾಯಿಗೆಲ್ಲ ಸಗಣಿ ಮೆತ್ತಿ, ಬುಡಕ್ಕೆ ಹುಳದ ಹಿಕ್ಕೆ ಸುರಿದು, ಅದರ ಮೇಲೆ ಒಂದು ಕೊಡ ನೀರು. ಹುಳದ ಹಿಕ್ಕೆ ನಮ್ಮ ಮನೆಯ ಬಂಗಾರದಂಥ ಗೊಬ್ಬರ, ಅಪ್ಪ ಅದನ್ನು ಹೊಲಕ್ಕೇ ಅಂತ ಮೂಟೆ ಕಟ್ಟಿಡುತ್ತಿದ್ದ. ಅಜ್ಜಿ ಮೂಟೆಯ ಬಾಯಿ ಬಿಚ್ಚಿ ಎರಡು ಮೊರ ಕದಿಯುತ್ತಿದ್ದಳು. ಕೊನೆಗೆ ನಡು ಹಿಡಿದುಕೊಂಡು ಎದ್ದು ಆ ಮೋಟು ಗಿಡಕ್ಕೆ ಕೈ ಮುಗಿಯುತ್ತಿದ್ದಳು.

“ಈಸಲಾನಾದ್ರೂ ಬುಡವ್ವ. ಆ ಎಣ್ಣು ಕಾದು ಕಾದು ಸಾಯ್ತದೆ.”

“ಅಜ್ಜಿ, ಅವ್ವಂಗೆ ಯೋಳ್ಲಾ?”

“ಸುಮ್ಕಿರು, ಬಾಯ್ಬಡ್ಕಿ. ಅಣ್ಣು ಬುಟ್ಟಾಗ ಅವಳೇ ಮೊದ್ಲು ನೋಡ್ಲಿ. ನಾ ಮಾಡ್ದೆ ಅಂತ ಗೊತ್ತಾದ್ರೆ ನನ್ನ ತಲೆ ಮ್ಯಾಲೆ ಕೂತ್ಕತಾಳೆ.”

ಹೊಲದಿಂದ ಬಂದ ಅವ್ವ ಮೋಟು ನೋಡಿ, ಸೊಪ್ಪು ಹೊತ್ತು ಮನೆಗೆ ಬರುವ ಕೂಲಿಯವರು ಎಲ್ಲದರ ಜೊತೆ ಇದನ್ನೂ ಸವರಿದ್ದಾರೆ ಅಂದುಕೊಳ್ಳುತ್ತಿದ್ದಳು. ಅದರಲ್ಲಿ ಅವಳಿಗೆ ತಪ್ಪೇನೂ ಕಾಣುತ್ತಿರಲಿಲ್ಲ. ಬೆಟ್ಟದಲ್ಲಿ ಯಾರೂ ಆ ಗಿಡವನ್ನು ಕೊಯ್ಯುವುದಿಲ್ಲ, ಹಣ್ಣು ಕೀಳುವುದಷ್ಟೇ ಅವಳಿಗೆ ಗೊತ್ತು. ಈ ಮನೆಯಲ್ಲಿ ಕೊಯ್ದರೇ ಬೆಳೆಯುವುದು ಅಂತ ಮದುವೆಯಾಗಿ ಬಂದ ಮೇಲೆ ಕಲಿತಿದ್ದಳು. ಹೀಗೆ ಮನೆಯಲ್ಲಿ ಎಲ್ಲರೂ ಸೇರಿ, ಎಲ್ಲರಿಗೂ ಒಳ್ಳೆಯದೇ ಬೇಕಾಗಿದ್ದು, ಒಂಬತ್ತು ವರ್ಷ ಆ ಗಿಡವನ್ನು ಹಣ್ಣು ಬಿಡದ ಹಾಗೆ ನೋಡಿಕೊಂಡೆವು.

ಗುಟ್ಟು ಒಡೆದದ್ದು ನಡುಮನೆ ಖಾಲಿ ಇದ್ದ ದಿನ. ದೀಪಾವಳಿಯ ಕೊಯ್ಲು ಮುಗಿದಿತ್ತು. ಗೂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋಗಿತ್ತು. ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟು, ನಡುಮನೆಗೆ ಸುಣ್ಣ ಬಳಿದು, ಎರಡು ಬೆಳೆಗಳ ನಡುವೆ ಸಿಗುವ ಆ ನಾಲ್ಕು ದಿನದಲ್ಲಿ ಒಗ್ಗರಣೆ ಹಾಕಿದ ಸಾರು ಉಣ್ಣುತ್ತಿದ್ದೆವು. ಅವತ್ತೇ ತಾತ ಬಂದ. ಜಗಲಿಯಲ್ಲಿ ಕೂತವನಿಗೆ ಕಟ್ಟಳೆ ಇಲ್ಲ ಅಂತ ಗೊತ್ತಾದದ್ದೇ ತಡ, ಉಂಡ ಕೈ ತೊಳೆಯಲು ಹಿತ್ತಲಿಗೇ ಬಂದುಬಿಟ್ಟ. ಮಗಳು ಬಾಳುವ ಮನೆಯ ಹಿತ್ತಲನ್ನು ಅವನು ನೋಡಿದ್ದು ಅದೇ ಮೊದಲು. ನುಗ್ಗೆಮರದ ಕೆಳಗೆ ಒಂದು ಗೇಣು ಮೋಟುಗಳು, ಅವುಗಳ ತಲೆಗೆ ಸಗಣಿ. ತಾತ ಬಗ್ಗಿ ಒಂದೊಂದನ್ನೇ ಮುಟ್ಟಿ ನೋಡಿದ.

“ಅಯ್ಯೋ ಪಾಪಿಗಳ! ಇದ ಯಾರವ್ವ ಕುಯ್ದೋರು?”

ಅವ್ವ ಓಡಿ ಬಂದಳು. ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತಳು. ಅಪ್ಪ ತಟ್ಟೆ ಕಟ್ಟುತ್ತಿದ್ದವನು ತಲೆಯೆತ್ತಿದ.

“ಕುಯ್ದ್ರೇ ತಾನೆ ಮಾವ ಚಿಗರದು?” ಎಂದ ಅಪ್ಪ.

“ಚಿಗರಕ್ಕಾ ನೆಟ್ಟಿರದು? ಇದೇನ್ ಉಳೂಗ್ ಆಕ ಸೊಪ್ಪ? ಒಂದ್ ಮಳ್ಗಾಲ ಬೆಳ್ದು, ಒಂದ್ ಚಳಿ ಕಂಡ ಕಡ್ಡೀಲೇ ಕಣಪ್ಪ ಅಣ್ಣಾಗದು. ಅಣ್ಣು ಬುಟ್ಟು ಆ ಕಡ್ಡಿ ತಾನೇ ಒಣುಗ್ತದೆ, ಅದ ಕುಯ್ಯಿ ಬೇಕಾದ್ರೆ. ಎಳೇವು ಕುಯ್ದ್ರೆ ಇನ್ನೆಲ್ಲಿ ಅಣ್ಣು?”

ಅವ್ವ ನಿಧಾನವಾಗಿ ತಿರುಗಿ ಅಜ್ಜಿಯನ್ನು ನೋಡಿದಳು. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

“ಅತ್ತೆಮ್ಮ. ಕೂಲಿಯೋರು ಇಲ್ಲಿಗಂಟ ಯಾಕ್ ಬತ್ತಾರೆ? ನೀವೇ ಅಲ್ವಾ?”

“ಊಂ. ನಾನೇಯ.”

“ಒಂಬತ್ತು ವರ್ಸ! ಮುಳ್ಳು ಮುಳ್ಳು ಅಂತ ಬಾಯಲ್ಲಿ ಅಂದಿದ್ದು ಸಾಲ್ದು ಅಂತ ಕೈಲೂ ಕುಯ್ದ್ರಾ? ನನ್ ತವ್ರಿಂದ ಬಂದಿದ್ದು ಇದೊಂದೇಯ. ಇದ್ರ ಮ್ಯಾಲೂ ನಿಮಗೆ ಒಟ್ಟೆಕಿಚ್ಚಾ?”

ಅವ್ವ ಅತ್ತೆಯ ಎದುರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಅಜ್ಜಿ ಜಗಳಕ್ಕೆ ಹೆದರುವವಳಲ್ಲ, ಸಂತೆಯಲ್ಲಿ ಗಂಡಸರ ಬಾಯನ್ನೇ ಮುಚ್ಚಿಸಿದವಳು. ಅವತ್ತು ಮಾತ್ರ ನನ್ನ ಕಡೆ ತಿರುಗಿ ನೋಡಿದಳು, ಅಷ್ಟೇ. ನೋಡಿಯೇ ಇದ್ದಳು. ಸಗಣಿ ಮೆತ್ತಿದ್ದನ್ನು, ಹಿಕ್ಕೆ ಕದ್ದದ್ದನ್ನು, ಕೈ ಮುಗಿದದ್ದನ್ನು ನೋಡಿದವಳು ಭೂಮಿಯ ಮೇಲೆ ನಾನೊಬ್ಬಳೇ. ಒಂದು ಮಾತು ಸಾಕಿತ್ತು. ಆದರೆ ಆ ಮಾತಿನ ಹಿಂದೆಯೇ ನೀನೂ ಜೊತೆಗಿದ್ದೆಯಾ ಎಂಬ ಪ್ರಶ್ನೆ ಬರುತ್ತದೆ, ಕವೆಗೋಲು ಹಿಡಿದಿದ್ದು ಯಾರು ಅಂತ ಬರುತ್ತದೆ. ಅವ್ವನ ಆ ಮುಖ ನನ್ನ ಕಡೆ ತಿರುಗುವುದು ನನಗೆ ಬೇಡವಾಗಿತ್ತು. ನಾನು ಹೋಗಿ ಅವ್ವನ ಸೆರಗು ಹಿಡಿದುಕೊಂಡು ನಿಂತೆ. ಯಾವಾಗಲೂ ಕುಣಿಯುವ ನನ್ನ ಕಾಲು ಅವತ್ತೊಂದು ದಿನ ಅಲುಗಾಡಲಿಲ್ಲ.

ಮಾರನೆಯ ಬೆಳಿಗ್ಗೆ ಅಜ್ಜಿ ಎರಡು ಸೀರೆ, ಎಲೆಅಡಿಕೆ ಚೀಲ ಗಂಟು ಕಟ್ಟಿಕೊಂಡು ಹನೂರಿನಲ್ಲಿದ್ದ ಮಗಳ ಮನೆಗೆ ಹೊರಟಳು. ಅಪ್ಪ ತಡೆದ, ಊರಿನವರು ಇಬ್ಬರು ಹೇಳಿದರು. “ಓಯ್ತೀನಿ ಕಣಪ್ಪ” ಎಂದಷ್ಟೇ ಅಂದು ಬಸ್ಸು ಹತ್ತಿದಳು. ಕುಡುಗೋಲನ್ನು ಮಾತ್ರ ಸೂರಿನಲ್ಲೇ ಬಿಟ್ಟು ಹೋದಳು.

ಆಮೇಲಿನದು ಒಂದು ವರ್ಷ, ಅದರ ಮೇಲೆ ನಾಲ್ಕೈದು ತಿಂಗಳು. ಅಷ್ಟು ಉದ್ದದ ದಿನಗಳನ್ನು ನಾನು ಇನ್ಯಾವತ್ತೂ ಕಳೆದಿಲ್ಲ. ಅವ್ವ ಗಿಡದ ಸುತ್ತ ಕಲ್ಲು ಜೋಡಿಸಿ ಯಾರೂ ಹತ್ತಿರ ಹೋಗಬಾರದು ಅಂದಳು. ಮೋಟು ಚಿಗುರಿತು, ಮಳೆ ಬಂತು, ಕಡ್ಡಿ ಬೆಳೆಯಿತು. ನಾನು ಶಾಲೆಯಿಂದ ಬಂದವಳೇ ಹಿತ್ತಲಿಗೆ, ಹಿತ್ತಲಿಂದ ರಸ್ತೆಗೆ, ರಸ್ತೆಯಲ್ಲಿ ಕೊಳ್ಳೇಗಾಲದ ಕಡೆಯಿಂದ ಬರುವ ಬಸ್ಸಿಗೆ ಕಾದು ಮತ್ತೆ ಹಿತ್ತಲಿಗೆ. ಬಸ್ಸಿನಿಂದ ಅಜ್ಜಿ ಇಳಿಯಲಿಲ್ಲ. ಯುಗಾದಿಗೂ ಬರಲಿಲ್ಲ, ಗೌರಿಹಬ್ಬಕ್ಕೂ ಬರಲಿಲ್ಲ. ನಡುಮನೆಯಲ್ಲಿ ಅಪ್ಪ ಒಬ್ಬನೇ ತಟ್ಟೆಗೆ ಕಿವಿಯಿಟ್ಟು, ಜ್ವರ ಇಳಿಯಿತೋ ಇಲ್ಲವೋ ತಿಳಿಯದೆ, ಅವಸರಕ್ಕೆ ಸೊಪ್ಪು ಹಾಕಿದ. ಹುಳುಗಳು ಏರುಪೇರಾದವು. ಒಂದು ತಟ್ಟೆಯಲ್ಲಿ ಗೂಡು ಕಟ್ಟಲು ಹಣ್ಣಾದ ಹುಳು, ಪಕ್ಕದ ತಟ್ಟೆಯಲ್ಲಿ ಇನ್ನೂ ಜ್ವರದಲ್ಲಿ ಕೂತದ್ದು. ಅಪ್ಪ ಅವ್ವನ ಮೇಲೆ ರೇಗಿದ, ಅವ್ವ ಚೊಂಬು ಕುಕ್ಕಿದಳು. ಅಪ್ಪ ಎರಡು ಸಲ ಹನೂರಿಗೆ ಹೋಗಿ ಬರಿಗೈಯಲ್ಲಿ ಬಂದ.

“ಕುಯ್ಯೋ ಕೈ ನಿಮ್ಮನೇಗೆ ಯಾಕಪ್ಪ ಅಂತದೆ” ಎಂದು ಅಜ್ಜಿಯ ಮಾತನ್ನು ಹೇಳಿ ಟವೆಲ್ ಕೊಡವಿದ.

ಅವ್ವ ಕೇಳಿಸಿಕೊಂಡು ಒಳಗೆ ಹೋದಳು. ಆದರೆ ಮುದ್ದೆ ಕಟ್ಟುವಾಗ ಅವಳ ಕೈ ತಪ್ಪಿ ಒಂದು ಮುದ್ದೆ ಹೆಚ್ಚಿಗೆ ಬರುತ್ತಿತ್ತು. ಅದನ್ನು ಕಂಡು ತಾನೇ ಸಿಟ್ಟಾಗಿ ನನ್ನ ತಟ್ಟೆಗೆ ಹಾಕುತ್ತಿದ್ದಳು. ಅದು ಅಜ್ಜಿಯ ಪಾಲಿನ ಮುದ್ದೆ. ಹೇಳಿಬಿಡೋಣ ಅಂತ ಅವ್ವನ ಹತ್ತಿರ ಹೋಗುವುದು, ನೀರು ಕುಡಿದು ಬರುವುದು. ಮಲಗಿದಲ್ಲಿ ನಿಲ್ಲದೆ ಹೊರಳುತ್ತಿದ್ದೆ. ಹೊಟ್ಟೆಯಲ್ಲಿ ಹುಳು ಬಿದ್ದಿರಬೇಕು ಅಂತ ಅವ್ವ ಎರಡು ಸಲ ಬೇವಿನ ರಸ ಕುಡಿಸಿದಳು. ಅದನ್ನೂ ಕುಡಿದೆ, ಬಾಯಿ ಬಿಡಲಿಲ್ಲ.

ಆ ಸಲ ದೀಪಾವಳಿಗೆ ಗಿಡವನ್ನು ಯಾರೂ ಮುಟ್ಟಲಿಲ್ಲ. ಚಳಿ ಕಳೆಯಿತು. ಕಡ್ಡಿಯ ಪಕ್ಕಪಕ್ಕದಲ್ಲಿ ಸಣ್ಣ ಕವಲು ಬಂದು ಗುಲಾಬಿ ಬಣ್ಣದ ಪುಟ್ಟ ಹೂ ಬಿಟ್ಟಿತು. ಯುಗಾದಿಯ ಹೊತ್ತಿಗೆ ಗೊಂಚಲು ಗೊಂಚಲು ಕಾಯಿ, ಅದಾಗಿ ಹದಿನೈದು ದಿನಕ್ಕೆ ಹಣ್ಣು. ಒಂದು ಬೆಳಿಗ್ಗೆ ಅವ್ವ ಹಿತ್ತಲಿನಿಂದ ಕೂಗಿದ ಕೂಗಿಗೆ ಹಾವು ಕಂಡಳೇನೋ ಅಂತ ಅಪ್ಪ ದೊಣ್ಣೆ ಹಿಡಿದು ಓಡಿದ. ಅವ್ವ ನಗುತ್ತಿದ್ದಳು. ಬೆಟ್ಟದ ಹುಡುಗಿಯಾಗಿದ್ದಾಗ ಅವಳು ಹೇಗಿದ್ದಿರಬಹುದು ಅಂತ ನನಗೆ ಅವತ್ತು ಕಂಡಿತು. ಕಪ್ಪಗೆ ಕಳಿತ ಮೊದಲ ಹಣ್ಣನ್ನು ಕಿತ್ತು, ನನ್ನ ತೋರುಬೆರಳು ಹಿಡಿದು, ತುದಿಗೆ ಟೊಪ್ಪಿಗೆಯ ಹಾಗೆ ಸಿಕ್ಕಿಸಿದಳು.

“ತಿನ್ನು ಮಗ. ನಿನ್ ಜೊತೇಲೇ ಬಂದಿದ್ದು ಇದು.”

ನಾನು ಬೆರಳನ್ನು ಬಾಯಿಯ ತನಕ ತಂದೆ. ಆಗಲಿಲ್ಲ. ಅಲ್ಲೇ ನಿಂತು ಗೋಳೋ ಎಂದು ಅತ್ತುಬಿಟ್ಟೆ.

“ಅವ್ವ, ಅಜ್ಜಿ ಒಟ್ಟೆಕಿಚ್ಚಿಗೆ ಕುಯ್ದಿದ್ದಲ್ಲ. ಸಗಣಿ ಮೆತ್ತಿ, ಇಕ್ಕೆ ಹಾಕಿ, ಕೈ ಮುಗೀತಿತ್ತು. ಅಣ್ಣು ಬುಟ್ಟಾಗ ನೀನೇ ಮೊದ್ಲು ನೋಡ್ಬೇಕು ಅಂತಿತ್ತು. ಕವೆಗೋಲು ಇಡ್ಕತಿದ್ದೋಳು ನಾನೇಯ.”

“ಯಾವತ್ತು?”

“ಯಾವಾಗ್ಲೂವೆ.”

“ಅವತ್ತು ಯಾಕೆ ಬಾಯಿ ಬುಡ್ನಿಲ್ಲ?”

“ನೀ ನನ್ನ ಬೈತೀಯ ಅಂತ.”

ಅವ್ವ ನನ್ನ ಕೆನ್ನೆಗೆ ಬಿಗಿದಳು. ಬಿಗಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

“ಒಂದು ವರ್ಸ ಕಣೇ. ಆ ಮುದಿ ಜೀವ ಒಂದು ವರ್ಸ ಇನ್ನೊಬ್ರ ಮನೇಲಿ ಉಂಡದೆ. ನಾನೇನ್ ಅಂದ್ಬುಟ್ಟೆ, ಅಯ್ಯೋ ನನ್ ಬಾಯಿಗೆ ಬೆಂಕಿ ಬೀಳ.”

ಎರಡು ದಿನ ಯಾರನ್ನೂ ಗಿಡದ ಹತ್ತಿರ ಬಿಡದೆ, ಮೂರನೆಯ ದಿನ ಬೆಳಿಗ್ಗೆ ಕಳಿತದ್ದನ್ನೆಲ್ಲ ಕಿತ್ತು ಅಪ್ಪನ ಟಿಫಿನ್ ಡಬ್ಬಿಗೆ ತುಂಬಿಕೊಂಡು ಅವ್ವ ನನ್ನ ಕೈ ಹಿಡಿದು ಹೊರಟಳು. ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿದೆವು. ಹನೂರಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಮಾದಪ್ಪನ ಬೆಟ್ಟಕ್ಕೆ ಹೋಗುವ ಭಕ್ತರು ತುಂಬಿದ್ದರು. ಅವ್ವ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ಆ ಹಣ್ಣು ಪಯಣಕ್ಕೆ ಆಗದು ಅಂತ ಬೆಟ್ಟದವಳಿಗೆ ಗೊತ್ತಿರಬೇಕಿತ್ತು, ಆದರೆ ಬೆಟ್ಟದಲ್ಲಿ ಅದನ್ನು ಯಾರೂ ಬಸ್ಸು ಹತ್ತಿಸಿರಲಿಲ್ಲ. ಬಿಸಿಲು, ಕುಲುಕಾಟ, ನೂಕುನುಗ್ಗಲು. ದಾರಿ ಅರ್ಧ ಕಳೆಯುವಷ್ಟರಲ್ಲೇ ಡಬ್ಬಿಯ ಸಂದಿಯಿಂದ ಕಪ್ಪು ಕೆಂಪು ರಸ ಇಳಿದು ಅವ್ವನ ಒಳ್ಳೆಯ ಸೀರೆಯ ಮಡಿಲೆಲ್ಲ ಕಲೆಯಾಯಿತು. ಅವ್ವ ನೋಡಿದಳು, ಒರೆಸಲಿಲ್ಲ.

ಅಜ್ಜಿ ಮಗಳ ಮನೆಯ ಮುಂದೆ ಹುಳು ಸಾಕುವ ತಟ್ಟೆ ತೊಳೆಯುತ್ತಿದ್ದಳು, ಅಲ್ಲೂ ರೇಷ್ಮೆಯೇ. ಸೊರಗಿದ್ದಳು, ಕಣ್ಣು ಮಂಜಾಗಿತ್ತು. ನಾವು ಯಾರೆಂದು ಗೊತ್ತಾಗಲು ಹತ್ತಿರ ಹೋಗಬೇಕಾಯಿತು. ಅವ್ವ ಡಬ್ಬಿಯನ್ನು ಅವಳ ಮುಂದಿಟ್ಟಳು. ಅಜ್ಜಿ ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದಳು.

“ಏನವ್ವ ಇದು, ಗೊಜ್ಜಾ?”

“ಅಣ್ಣು ಅತ್ತೆಮ್ಮ. ಮನೆ ಬುಡುವಾಗ ಅಣ್ಣಾಗೇ ಇತ್ತು.” ಅವ್ವ ನನ್ನ ಕಡೆ ಕೈ ತೋರಿಸಿದಳು. “ಇವ್ಳು ಎಲ್ಲಾನೂ ಯೋಳುದ್ಲು. ನಾನು ತಪ್ಪು ತಿಳ್ಕಂಡು ಬಾಯಿಗ್ ಬಂದಂಗೆ ಅಂದ್ಬುಟ್ಟೆ.”

ಅಜ್ಜಿ ಬೆರಳು ಅದ್ದಿ ನೆಕ್ಕಿದಳು. ಮುಖ ಕಿವುಚಿದಳು. ಮತ್ತೆ ಅದ್ದಿದಳು.

“ಉಳಿ” ಎಂದಳು. ಇನ್ನೊಂದು ಸಲ ನೆಕ್ಕಿ ಕೇಳಿದಳು, “ಅಣ್ಣು ಬುಟ್ಟ ಕಡ್ಡಿ ಒಣುಗ್ತವೆ ಅಂದಿದ್ರಲ್ಲ ನಿಮ್ಮಪ್ಪ. ಅವುನ್ನ ಯಾರು ಕುಯ್ತಾರೆ?”

“ಕುಯ್ಯೋರು ಇಲ್ಲಿ ಬಂದು ಕೂತವ್ರಲ್ಲ ಅತ್ತೆಮ್ಮ, ನಾ ಯಾರ್ನ ಕರೀಲಿ?”

ಅಜ್ಜಿ ಡಬ್ಬಿಯ ತಳ ಕಾಣುವ ತನಕ ನೆಕ್ಕಿದಳು. ನಾನು ಕಂಬದ ಹಿಂದೆ ನಿಂತಿದ್ದೆ. ಬೈಯಲಿ, ಕರೆದು ಎರಡು ಬಿಗಿಯಲಿ ಅಂತ ಕಾಯುತ್ತಿದ್ದೆ. ಅಜ್ಜಿ ಉಣ್ಣಲು ಇಟ್ಟಳು, ತಲೆ ಬಾಚಿದಳು, ಅವತ್ತಿನ ವಿಷಯ ಎತ್ತಲೇ ಇಲ್ಲ. ವಾಪಸು ಬಸ್ಸು ಹತ್ತುವಾಗಲೂ ಎತ್ತಲಿಲ್ಲ. ಇಲ್ಲಿನ ಹುಳು ಗೂಡು ಕಟ್ಟಲಿ, ಆಮೇಲೆ ನೋಡೋಣ ಅಂದಳು. ಬೈಸಿಕೊಳ್ಳದೆ ಮನೆಗೆ ಬಂದ ನಾನು ಆ ತಿಂಗಳು ಪೂರ್ತಿ ಒಂದು ಕಡೆ ನಿಲ್ಲಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಅಜ್ಜಿ ಗಂಟಿನ ಸಮೇತ ಬಸ್ಸಿನಿಂದ ಇಳಿದಳು. ಕೈಕಾಲು ತೊಳೆದವಳೇ ಸೂರಿಗೆ ಕೈ ಹಾಕಿ ಕುಡುಗೋಲು ತೆಗೆದುಕೊಂಡಳು. ಅಪ್ಪ ಗಾಬರಿಯಾಗಿ ಅವ್ವನ ಮುಖ ನೋಡಿದ. ಅವ್ವ ಆ ಹೊತ್ತಿಗೆ ಒಂದು ಕೆಲಸ ಮಾಡಿಟ್ಟಿದ್ದಳು. ಹನೂರಿನ ದಾರಿಯಲ್ಲಿ ಕಲೆಯಾದ ಆ ಸೀರೆಯ ಸೆರಗನ್ನು ಉದ್ದುದ್ದ ಹರಿದು, ಹೊಸದಾಗಿ ಎದ್ದ ಒಂದೊಂದು ಹಸಿರು ಕಡ್ಡಿಗೂ ಒಂದೊಂದು ಪಟ್ಟಿ ಕಟ್ಟಿದ್ದಳು. ಕಣ್ಣು ಮಂಜಾದರೂ ಕೈಗೆ ತಿಳಿಯಲಿ ಅಂತ. ಅಜ್ಜಿ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಬುಡದಲ್ಲಿ ಕೈಯಾಡಿಸಿದಳು.

“ಇದಾ?”

“ಅದಲ್ಲ ಅತ್ತೆಮ್ಮ, ಬಟ್ಟೆ ಕಟ್ಟಿವ್ನಿ ನೋಡಿ. ಅದು ಮುಂದ್ಲೊರ್ಸದ್ದು. ಅದ್ರ ಪಕ್ಕದ್ದು, ಒಣಗಿರದು.”

“ಊಂ, ಇದು ಸತ್ತದೆ.” ಅಜ್ಜಿ ಕುಡುಗೋಲು ಹಾಕಿದವಳು ತಟ್ಟನೆ ನಿಲ್ಲಿಸಿ ಕೈ ಕೊಡವಿದಳು. ಮುಳ್ಳು ಹೆಟ್ಟಿತ್ತು. ತಲೆ ತಿರುಗಿಸದೆಯೇ ನನ್ನನ್ನು ಕರೆದಳು.

“ಮಾದೇವಿ.”

ನಾನು ಅಡುಗೆಮನೆ ಬಾಗಿಲಲ್ಲಿದ್ದೆ, ಅವತ್ತು ಅಜ್ಜಿ ನಿಂತಿದ್ದ ಜಾಗದಲ್ಲೇ. ಅಜ್ಜಿ ನನ್ನನ್ನು ಹೆಸರು ಹಿಡಿದು ಕರೆದದ್ದು ಅಪರೂಪ.

“ಆ ಕವೆಗೋಲು ತಕಂಡ್ ಬಾ. ಈಸಲ ನಿಮ್ಮವ್ವ ನೋಡಂಗೆ ಇಡ್ಕೊ.”

ನುಗ್ಗೆಮರಕ್ಕೆ ಒರಗಿಸಿದ್ದ ಕೋಲು ಒಣಗಿ ಹಗುರವಾಗಿತ್ತು, ನಾನೂ ಅದಕ್ಕಿಂತ ಒಂದು ಗೇಣು ಎತ್ತರವಾಗಿದ್ದೆ. ತಂದೆ. ಇಬ್ಬರ ನಡುವೆ ನಿಂತು, ಮುಳ್ಳುಕಡ್ಡಿಗಳನ್ನು ಒತ್ತರಿಸಿ, ಅಜ್ಜಿ ಕೊಯ್ದು ಮುಗಿಸುವ ತನಕ ಅಲುಗದೆ ಹಿಡಿದುಕೊಂಡೆ.